ಡೋಪ್ ಟೆಸ್ಟ್ ಮಾಡೋರು "ಆಗಲ್ಲ ಸರ್" ಅನ್ನೋಕೆ ಕಾನೂನಿನ ಬೆಂಬಲ ಬೇಕು

ನಾನು ಡಿಸಿಒ, ಅಂದ್ರೆ ಡೋಪಿಂಗ್ ಕಂಟ್ರೋಲ್ ಆಫೀಸರ್. ಮೀಟ್‌ಗೋ ಕ್ಯಾಂಪ್‌ಗೋ ಹೋಗಿ ಅಥ್ಲೀಟ್‌ಗಳ ಸ್ಯಾಂಪಲ್ ತಗೊಂಡು ಸೀಲ್ ಮಾಡಿಸಿ ಲ್ಯಾಬ್‌ಗೆ ಕಳಿಸೋದು ನನ್ನ ಕೆಲಸ. ಯಾರದ್ದು, ಎಲ್ಲಿ ಅಂತ ಯಾರಿಗೂ ಹೇಳೋ ಹಾಗಿಲ್ಲ, ಇಲ್ಲೂ ಹೇಳಲ್ಲ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟಲ್ಲಿ ಪಾಸಾದ ಆಂಟಿ ಡೋಪಿಂಗ್ ತಿದ್ದುಪಡಿ ಬಗ್ಗೆ ಮಾತ್ರ ಬರೀತೀನಿ, ಯಾಕಂದ್ರೆ ಅದು ನೇರವಾಗಿ ನಮ್ಮಂಥವರ ಕೆಲಸಕ್ಕೆ ಸಂಬಂಧಪಟ್ಟಿದ್ದು.

ರೇಸ್ ಮುಗಿದ ಮೇಲೆ ಓಡಿದ ಹುಡುಗಿಗೆ ಟೆಸ್ಟ್ ಇದೆ ಅಂತ ನೋಟಿಸ್ ಕೊಟ್ಟ ಕ್ಷಣದಿಂದ ಶಾಪರೋನ್, ಅಂದ್ರೆ ಅವಳ ಮೇಲೆ ಕಣ್ಣಿಡೋ ನಮ್ಮ ಸಿಬ್ಬಂದಿ, ಜೊತೆಗೇ ಇರ್ತಾರೆ. ಕನಿಷ್ಠ 90 ಎಂಎಲ್ ಯೂರಿನ್ ಬೇಕು, ಬಿಸಿಲಲ್ಲಿ ಓಡಿ ಬಂದವರಿಗೆ ಅಷ್ಟು ಬರೋಕೆ ಕೆಲವು ಸಲ ಗಂಟೆಗಟ್ಟಲೆ ಹಿಡಿಯುತ್ತೆ, ಹಾಗಂತ ಸಿಕ್ಕಾಪಟ್ಟೆ ನೀರು ಕುಡಿದ್ರೆ ಸ್ಯಾಂಪಲ್ ತೀರಾ ತೆಳುವಾಗಿ ಮತ್ತೆ ಕಾಯ್ಬೇಕಾಗುತ್ತೆ. ಹೆಣ್ಣುಮಕ್ಕಳಾದ್ರೆ ಮಹಿಳಾ ಆಫೀಸರ್ ಎದುರಿಗೇ ಕೊಡ್ಬೇಕು, ಹಳ್ಳಿಯಿಂದ ಬಂದ ಹುಡುಗಿಗೆ ಅದೆಷ್ಟು ಮುಜುಗರ ಅಂತ ಪಕ್ಕದಲ್ಲಿ ನಿಂತೋರಿಗೇ ಗೊತ್ತು. ಆಮೇಲೆ ಕಿಟ್ ಆರಿಸೋದು ಅವಳೇ, ಎ ಬಾಟಲು ಬಿ ಬಾಟಲಿಗೆ ಸುರಿಯೋದು ಅವಳೇ, ಮುಚ್ಚಳ ತಿರುಗಿಸಿ ಕೋಡ್ ನಂಬರ್ ಓದಿ ನೋಡೋದೂ ಅವಳೇ. ಲ್ಯಾಬ್‌ಗೆ ಹೋಗೋ ಕಾಪಿಯಲ್ಲಿ ಅವಳ ಹೆಸರಿರಲ್ಲ, ನಂಬರ್ ಅಷ್ಟೇ. ತನ್ನ ಬಾಟಲಿಗೆ ಯಾರೂ ಕೈ ಹಾಕಲ್ಲ ಅನ್ನೋ ನಂಬಿಕೆ ಅವಳಿಗೆ ಬರ್ಬೇಕು ಅಂತಾನೇ ಇಷ್ಟೂ ನಿಯಮ.

ಒಂದ್ಸಲ ಮೀಟ್ ಹಿಂದಿನ ದಿನ ಪದಾಧಿಕಾರಿಯೊಬ್ಬರು ಫೋನ್ ಮಾಡಿ, "ಮೇಡಂ, ನಾಳೆ ಯಾರ್ಯಾರದ್ದು ಅಂತ ಹೇಳ್ಬಿಡಿ, ನಾವೇ ರೆಡಿ ಮಾಡಿಸಿರ್ತೀವಿ" ಅಂದ್ರು. ದನಿಯಲ್ಲಿ ಬೆದರಿಕೆ ಏನಿಲ್ಲ, ಸಹಾಯ ಮಾಡೋ ಥರಾನೇ ಕೇಳಿದ್ರು. ಆಗಲ್ಲ ಸರ್ ಅಂದೆ. ಆವತ್ತು ಅರ್ಥ ಆಗಿದ್ದೇನಂದ್ರೆ, ನಾನು ಆಗಲ್ಲ ಅಂದ ಮೇಲೆ ಅವರು ನನ್ನ ಮೇಲಿನವರಿಗೆ, ಅವರ ಮೇಲಿನವರಿಗೆ ಫೋನ್ ಮಾಡಿದ್ರೂ ಎಲ್ಲಾ ಕಡೆ ಅದೇ ಉತ್ತರ ಸಿಗ್ಬೇಕು, ಇಲ್ಲಾಂದ್ರೆ ನನ್ನೊಬ್ಬಳ ಧೈರ್ಯದಿಂದ ಏನೂ ಆಗಲ್ಲ.

2022ರ ಕಾನೂನಲ್ಲಿ ತೊಡಕಿದ್ದಿದ್ದೇ ಇಲ್ಲಿ. ದೇಶದಲ್ಲಿ ಡೋಪ್ ಟೆಸ್ಟ್ ನಡೆಸೋ ರಾಷ್ಟ್ರೀಯ ಸಂಸ್ಥೆ ನಾಡಾಗೆ ಕಾನೂನಿನ ಮಾನ್ಯತೆ ಸಿಕ್ತು, ಒಳ್ಳೇದೇ, ಆದ್ರೆ ಅದರ ಮೇಲೆ ಒಂದು ರಾಷ್ಟ್ರೀಯ ಬೋರ್ಡ್ ಕೂರಿಸಿ ಮೇಲ್ವಿಚಾರಣೆ ಅಧಿಕಾರ ಕೊಟ್ರು, ಅಪೀಲ್ ಪ್ಯಾನಲ್ ರಚಿಸೋದೂ ಅದೇ ಬೋರ್ಡ್. ಇದು ಸರ್ಕಾರದ ಹಸ್ತಕ್ಷೇಪ ಆಗುತ್ತೆ ಅಂತ ವಾಡಾ, ಅಂದ್ರೆ ವಿಶ್ವ ಆಂಟಿ ಡೋಪಿಂಗ್ ಸಂಸ್ಥೆ, ತಕರಾರು ಎತ್ತಿತು, ಕಾನೂನು ಜಾರಿಗೇ ಬರದೆ ನಿಂತ್ಹೋಯ್ತು. 2025ರಲ್ಲಿ ಬೋರ್ಡ್ ಉಳಿಸಿಕೊಂಡು ನಾಡಾ ಮೇಲಿನ ಅದರ ಹಿಡಿತ ತೆಗೆದ್ರು, ನಾಡಾ ಡೈರೆಕ್ಟರ್ ಜನರಲ್ ಮತ್ತು ಸಿಬ್ಬಂದಿ ಕೆಲಸದಲ್ಲಿ ಫೆಡರೇಶನ್, ಒಲಿಂಪಿಕ್ ಸಮಿತಿ, ಸರ್ಕಾರ ಯಾರೂ ತಲೆ ಹಾಕೋ ಹಾಗಿಲ್ಲ ಅಂತ ಬರೆದ್ರು.

ವಾಡಾ ಹೇಳಿದ ತಕ್ಷಣ ನಾವು ಯಾಕೆ ಬದಲಾಯಿಸ್ಬೇಕು ಅಂತ ಕೆಲವರು ಕೇಳ್ತಾರೆ. 2021ರಲ್ಲಿ ಇಂಡೋನೇಷ್ಯಾ ಪುರುಷರ ಬ್ಯಾಡ್ಮಿಂಟನ್ ಟೀಮ್ ಟೂರ್ನಿ ಥಾಮಸ್ ಕಪ್ ಗೆದ್ದಾಗ ವೇದಿಕೆ ಮೇಲೆ ಅವರ ರಾಷ್ಟ್ರಧ್ವಜ ಹಾರಿಸೋಕೆ ಆಗ್ಲಿಲ್ಲ, ಅವರ ಟೆಸ್ಟಿಂಗ್ ವ್ಯವಸ್ಥೆ ವಾಡಾ ನಿಯಮಕ್ಕೆ ಹೊಂದಿರಲಿಲ್ಲ, ಬ್ಯಾಡ್ಮಿಂಟನ್ ಸಂಸ್ಥೆಯ ಬಾವುಟ ಹಾರಿಸಿದ್ರು. ಅದೇ ಹೊತ್ತಿಗೆ ಥಾಯ್ಲೆಂಡ್‌ಗೂ ಪೆಟ್ಟು ಬಿತ್ತು, ಅಲ್ಲಿ ಕಾನೂನೇ ವಾಡಾ ನಿಯಮಕ್ಕೆ ಹೊಂದಿರಲಿಲ್ಲ. ಮುಂದಿನ ವರ್ಷ ಬ್ಯಾಂಕಾಕ್‌ನಲ್ಲಿ ನಮ್ಮವರು ಥಾಮಸ್ ಕಪ್ ಗೆದ್ರಲ್ಲ, ಬೆಂಗಳೂರಲ್ಲಿ ಪಳಗಿದ ಲಕ್ಷ್ಯ ಸೇನ್ ಇದ್ದ ಟೀಮು, ಆಗ ತಿರಂಗಾ ಇಲ್ಲದ ವೇದಿಕೆ ಊಹಿಸಿಕೊಳ್ಳಿ.

ಅಪೀಲ್ ವಿಷಯ ನಮ್ಮ ರಾಜ್ಯದವರಿಗೆ ಹೊಸದಲ್ಲ. 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದ ಅಶ್ವಿನಿ ಅಕ್ಕುಂಜಿ 2011ರಲ್ಲಿ ಟೆಸ್ಟ್‌ನಲ್ಲಿ ಸಿಕ್ಕಿಬಿದ್ರು, ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಬಂದಿದ್ದು ಅನ್ನೋದು ಅವರ ಕಡೆಯ ವಾದ. ಇಲ್ಲಿನ ಪ್ಯಾನಲ್ ಒಂದು ವರ್ಷ ನಿಷೇಧ ಹಾಕ್ತು, ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಶನ್ ಅಪೀಲ್ ಹೋಯ್ತು, ಸ್ವಿಟ್ಜರ್ಲೆಂಡ್‌ನಲ್ಲಿರೋ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಎರಡು ವರ್ಷ ಮಾಡ್ತು, ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಮ್ಮ ಮನೆಯೊಳಗಿನ ತೀರ್ಪೇ ಕೊನೇದಲ್ಲ ಅಂತ ಕೋಚ್‌ಗಳು ಮಕ್ಕಳಿಗೆ ಮೊದಲೇ ಹೇಳ್ಬೇಕು. ತಿದ್ದುಪಡಿಯಲ್ಲಿ ಯಾರು, ಯಾವ ಕೇಸಲ್ಲಿ ಆ ನ್ಯಾಯಾಲಯಕ್ಕೆ ಹೋಗ್ಬಹುದು ಅನ್ನೋದನ್ನೂ ಬಿಡಿಸಿ ಹೇಳಿದ್ದಾರೆ.

ಒಂದು ವಿಷಯಕ್ಕೆ ಮಾತ್ರ ನನಗೆ ಸಮಾಧಾನ ಇಲ್ಲ. ಅಪೀಲ್ ಪ್ಯಾನಲ್ ರಚನೆ ಈಗ ಬೋರ್ಡಿನಿಂದ ಕೇಂದ್ರ ಸರ್ಕಾರದ ಕೈಗೆ ಬಂದಿದೆ. ಯಾರನ್ನ ಕೂರಿಸ್ತಾರೆ, ಎಷ್ಟು ಬೇಗ ವಿಚಾರಣೆ ಮುಗಿಸ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಲಾಯರ್‌ಗೆ ದುಡ್ಡಿಲ್ಲದ ಅಥ್ಲೀಟ್‌ಗೆ ಸ್ವಿಟ್ಜರ್ಲೆಂಡ್‌ವರೆಗೆ ಕೇಸ್ ನಡೆಸೋಕೆ ಆಗಲ್ಲ, ಅವಳ ಪಾಲಿಗೆ ಇಲ್ಲಿನ ಪ್ಯಾನಲ್ಲೇ ಎಲ್ಲಾ. ಅಹಮದಾಬಾದ್‌ನಲ್ಲಿ 2030ರ ಕಾಮನ್‌ವೆಲ್ತ್ ಗೇಮ್ಸ್ ಬರೋದ್ರೊಳಗೆ ಅಂಥವರಿಗೆ ಉಚಿತ ವಕೀಲರನ್ನ ಕೊಡೋ ವ್ಯವಸ್ಥೆ ಆಗ್ಬೇಕು, ಅಥ್ಲೀಟ್‌ಗಳ ಸಂಘಗಳು ಇದನ್ನ ಈಗಲೇ ಕೇಳ್ಬೇಕು.