ಹೊಸ ಫ್ಯಾನು, ಹಳೇ ರೆಗ್ಯುಲೇಟರ್ರು

ಬಿಎಲ್‌ಡಿಸಿ ಫ್ಯಾನ್ (ಬ್ರಷ್ ಇಲ್ಲದ ಡಿಸಿ ಮೋಟರಿನ, ಕಡಿಮೆ ಕರೆಂಟ್ ತಿನ್ನೋ ಸೀಲಿಂಗ್ ಫ್ಯಾನ್) ಬಗ್ಗೆ ಅನುಮಾನ ಇರೋರು ಒಂದೇ ಒಂದು ತಂದು ನೋಡಿ. ಅದೂ ಮನೆಯಲ್ಲಿ ಅತಿ ಹೆಚ್ಚು ಹೊತ್ತು ತಿರುಗೋ ಜಾಗಕ್ಕೆ. ಅತಿಥಿಗಳ ಕೋಣೆಗೆ ಹಾಕಿದ್ರೆ ಅಸಲೂ ಹುಟ್ಟಲ್ಲ.

ಲೆಕ್ಕ ಇಷ್ಟೇ: ಹಳೇ ಫ್ಯಾನ್ ಸುಮಾರು 75 ವ್ಯಾಟ್, ಇದು ಫುಲ್ ಸ್ಪೀಡಲ್ಲಿ 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿದ್ರೆ ತಿಂಗಳಿಗೆ 16 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಅಂದ್ಕೊಂಡ್ರೂ ನೂರರ ಹತ್ತಿರ. ಮಾಮೂಲಿ ಫ್ಯಾನಿಗಿಂತ ಹೆಚ್ಚಿಗೆ ಕೊಟ್ಟ ಸಾವಿರದೈನೂರು ವಾಪಸ್ ಬರೋಕೆ ಒಂದೂಕಾಲು ವರ್ಷ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರ್ತಿದ್ರೆ ಆತುರ ಬೇಡ. ಆದ್ರೆ 200 ಯೂನಿಟ್ ಗಡಿಯಲ್ಲಿ ತೂಗಾಡೋ ಮನೆಗೆ ಆ ಹದಿನಾರೇ ದೊಡ್ಡದು, ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಲ್ಲ.

ಕೆಡೋದು ಎಲ್ಲಿ ಗೊತ್ತಾ? ಗೋಡೆಯ ಹಳೇ ರೆಗ್ಯುಲೇಟರ್‌ನಲ್ಲಿ. ಅದನ್ನ ತೆಗೆಸಿ ನೇರ ಸ್ವಿಚ್‌ಗೆ ವೈರ್ ಕೊಡಿಸಿ. ಇಲ್ಲಾಂದ್ರೆ ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಕರೆಂಟ್ ಸರಿಯಾಗಿ ಸಿಗದೆ ಫ್ಯಾನ್ ನಿಂತು ನಿಂತು ಓಡುತ್ತೆ, ಕೊನೆಗೆ ಬೋರ್ಡೇ ಹೋಗುತ್ತೆ. ಬೀದಿ ಮೂಲೆಯ ರಿಪೇರಿಯವರು ಕಾಯಿಲ್ ಸುತ್ತಿಕೊಟ್ಟ ಹಾಗೆ ಬೋರ್ಡ್ ರಿಪೇರಿ ಎಲ್ಲ ಕಡೆ ಆಗಲ್ಲ. ಹಾಗಾಗಿ ಕೊಳ್ಳೋಕೆ ಮುಂಚೆ ಎರಡು ಕೇಳಿ: ವಾರಂಟಿಯಲ್ಲಿ ಬೋರ್ಡೂ ಸೇರಿದೆಯಾ, ಊರಲ್ಲಿ ಸರ್ವೀಸ್ ಇದೆಯಾ.

ವೋಲ್ಟೇಜ್ ಬಿದ್ದಾಗಲೂ ಅದೇ ವೇಗ, ಯುಪಿಎಸ್ ಮೇಲೆ ಹೆಚ್ಚು ಹೊತ್ತು ಗಾಳಿ. ಇದು ನಿಜಕ್ಕೂ ಹಿಡಿಸೋ ವಿಷಯ. ವೇಗ ಬದಲಿಸೋ ರಿಮೋಟ್ ಮಾತ್ರ ಗೋಡೆಗೇ ಸಿಕ್ಕಿಸಿಡಿ, ಮಂಚದಡಿ ಹುಡುಕೋ ಕೆಲಸ ತಪ್ಪುತ್ತೆ.