ಕೈ ಉಳುಕಿತೇನೋ?

ಇವತ್ತು ಶುಕ್ರವಾರ, ಮಗನ ಹೈಸ್ಕೂಲ್ ಫುಟ್‌ಬಾಲ್. ಅಮೆರಿಕದ್ದು. ಕಾಲಿಗಿಂತ ಕೈಗೇ ಕೆಲಸ ಜಾಸ್ತಿ ಇರುವ ಫುಟ್‌ಬಾಲ್.

ಯಾರದೋ ತಪ್ಪಿಗೆ ಹಳದಿ ಬಾವುಟ ಬಿತ್ತು. ರೆಫ್ರಿ ನಮ್ಮ ಕಡೆ ತಿರುಗಿದ. ಎದೆ ಮುಂದೆ ಮುಷ್ಟಿ ಕಟ್ಟಿ, ಇನ್ನೊಂದು ಕೈಯಿಂದ ಅದರ ಮಣಿಕಟ್ಟು ಹಿಡಿದುಕೊಂಡ. ಅಷ್ಟೇ. ಮೈಕ್ ಇಲ್ಲ, ಮಾತಿಲ್ಲ.

ಊರಿಂದ ಬಂದಿರುವ ಅಮ್ಮ ಕೇಳಿದರು, "ಪಾಪ, ಕೈ ಉಳುಕಿತೇನೋ?"

"ಹೋಲ್ಡಿಂಗ್ ಅಂತ ಅಮ್ಮ. ಎದುರಿನವನನ್ನ ಹಿಡಿದುಕೊಂಡ ತಪ್ಪಿಗೆ 10 ಗಜ ಹಿಂದಕ್ಕೆ."

"ಯಾರು ಹಿಡಿದಿದ್ದು?"

ನನಗೂ ಗೊತ್ತಾಗಲಿಲ್ಲ.

ಇಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1975ರಿಂದಲೇ ರೆಫ್ರಿಗೆ ಮೈಕ್ ಇದೆ. ಏನು ತಪ್ಪು, ಯಾವ ನಂಬರಿನವನದು, ಈಗ ಎಲ್ಲ ಕೂಗಿ ಹೇಳುತ್ತಾರೆ. ಇಲ್ಲೂ ಹೇಳಿದರೇನು ಅನ್ನಿಸಿತು. ನಮ್ಮಂಥವರಿಗೆ ಆಟವಾದರೂ ಅರ್ಥವಾಗುತ್ತೆ ಅಲ್ವಾ? ಆದರೆ ನಂಬರ್ ಮಾತ್ರ ಬೇಡಪ್ಪ. ಅಲ್ಲಿಯವರು ಸಂಬಳಕ್ಕೆ ಆಡುವವರು. ಇವಕ್ಕೆ 15 ವರ್ಷ, ಅಜ್ಜಿ ಬೇರೆ ಸ್ಟ್ಯಾಂಡಿನಲ್ಲಿ ಕೂತಿರುತ್ತಾರೆ.

ವಾಪಸ್ ಬರುವಾಗ ಕಾರಲ್ಲಿ ಮಗ ಸುಮ್ನೆ ಕೂತಿದ್ದ. ಅಮ್ಮ ರೆಫ್ರಿ ಥರ ತಮ್ಮ ಮಣಿಕಟ್ಟು ಹಿಡಿದು ತೋರಿಸಿ ನಕ್ಕರು.

"ಅಜ್ಜಿ, ಅದು ನಾನೇ," ಅಂದ.