ಗೀಸರ್ ಕೆಟ್ಟಿರಲಿಲ್ಲ

ಅಡುಗೆಮನೆಯ ಸಿಂಕಿಗೆ ಬರುವ ಬಿಸಿನೀರು ಉಗುರುಬೆಚ್ಚಗಷ್ಟೇ ಇರುತ್ತದೆ ಎಂದು ಹೆಂಡತಿ ಹೇಳಿದಾಗ, ಗೀಸರಿನ ಎಲಿಮೆಂಟಿಗೆ ಸುಣ್ಣ ಕಟ್ಟಿರಬೇಕೆಂದು ನಾನು ಭಾವಿಸಿದೆ. ರಿಪೇರಿಗೆ ಬಂದವರು ಥರ್ಮೋಸ್ಟಾಟ್ ಬದಲಿಸಿ ಹೋದರು. ಮರುದಿನವೂ ನೀರು ಹಾಗೆಯೇ ಇತ್ತು. ಇನ್ನು ಎಲಿಮೆಂಟನ್ನೂ ಬದಲಿಸಬೇಕೆಂದರು.

ಅದಕ್ಕೆ ಒಪ್ಪುವ ಮೊದಲು ಒಂದು ಭಾನುವಾರ ಲೆಕ್ಕ ಹಾಕಿ ನೋಡಿದೆ. ನಮ್ಮ ಗೀಸರ್ 25 ಲೀಟರಿನದು, ಎಲಿಮೆಂಟ್ 2 ಕಿಲೋವ್ಯಾಟಿನದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕಾಗುವುದರಿಂದ, 25 ಡಿಗ್ರಿಯ ನೀರು 60 ಡಿಗ್ರಿಗೆ ಏರಲು ಅರ್ಧ ಗಂಟೆಗಿಂತ ತುಸು ಹೆಚ್ಚು ಹೊತ್ತು ಹಿಡಿಯಬೇಕು. ಗಡಿಯಾರ ಹಿಡಿದು ಕಾದೆ. 33ನೆಯ ನಿಮಿಷಕ್ಕೆ ದೀಪ ಆರಿತು. ಗೀಸರಿನಿಂದ ಹೊರಡುವ ಕೊಳವೆಯೂ ಕೈಯಿಡಲಾಗದಷ್ಟು ಸುಡುತ್ತಿತ್ತು. ಹಾಗಿದ್ದಮೇಲೆ ತಣ್ಣೀರು ಸೇರುತ್ತಿರುವುದು ದಾರಿಯಲ್ಲೇ ಎಲ್ಲೋ ಇರಬೇಕು.

ಇದನ್ನು ತಿಳಿಯಲು ಇರುವ ಪರೀಕ್ಷೆ ಬಹಳ ಸರಳ. ಮೊದಲು ಗೀಸರಿನ ಸ್ವಿಚ್ ಆರಿಸಿದೆ (ಇದನ್ನು ಮರೆಯಲೇಬಾರದು), ಆಮೇಲೆ ಅದಕ್ಕೆ ತಣ್ಣೀರು ಹೋಗುವ ವಾಲ್ವನ್ನು ಪೂರ್ತಿ ಮುಚ್ಚಿ, ಸಿಂಕಿನ ಬಿಸಿನೀರಿನ ನಲ್ಲಿಯನ್ನು ತಿರುಗಿಸಿದೆ. ಒಳಗೆ ನೀರೇ ಹೋಗದಿದ್ದಾಗ ನಲ್ಲಿ ಸ್ವಲ್ಪ ಹೊತ್ತಿಗೆಲ್ಲ ನಿಲ್ಲಬೇಕು. ನಮ್ಮಲ್ಲಿ ಮಾತ್ರ ಐದು ನಿಮಿಷವಾದರೂ ಧಾರೆ ತೆಳುವಾಗಲಿಲ್ಲ, ಬರುತ್ತಿದ್ದುದೆಲ್ಲ ತಣ್ಣೀರು.

ಬಿಸಿ ಮತ್ತು ತಣ್ಣೀರಿನ ಕೊಳವೆಗಳು ಕೂಡುವುದು ಮಿಕ್ಸರ್ ನಲ್ಲಿಗಳಲ್ಲಿ ಮಾತ್ರವಾದ್ದರಿಂದ ಅವುಗಳನ್ನು ಒಂದೊಂದಾಗಿ ನೋಡುತ್ತ ಬಚ್ಚಲುಮನೆಗೆ ಬಂದೆ. ಅಪ್ಪನಿಗೆ ಬೆರಳ ಗಂಟುಗಳ ನೋವು, ನಲ್ಲಿ ತಿರುಗಿಸಲು ಕಷ್ಟ. ಅದಕ್ಕೆಂದೇ ಎರಡು ತಿಂಗಳ ಹಿಂದೆ ಹಿಡಿಯಲ್ಲೇ ಗುಂಡಿಯಿರುವ ಹ್ಯಾಂಡ್ ಶವರ್ ಹಾಕಿಸಿ, ಹದ ನೋಡಿ ಎರಡೂ ನಲ್ಲಿಗಳನ್ನು ತೆರೆದೇ ಬಿಟ್ಟಿದ್ದೆವು. ಗುಂಡಿ ಬಿಟ್ಟೊಡನೆ ಶವರಿನ ನೀರು ನಿಲ್ಲುತ್ತಿತ್ತು ನಿಜ, ಆದರೆ ಮಿಕ್ಸರಿನ ಒಳಗೆ ಎರಡು ಕೊಳವೆಗಳೂ ಒಂದೇ ಆಗಿರುತ್ತಿದ್ದವು. ಸಿಂಕಿನಲ್ಲಿ ಬಿಸಿನೀರು ತೆರೆದಾಗ ತಣ್ಣೀರು ಗೀಸರನ್ನು ಬಳಸದೆ ಈ ಅಡ್ಡದಾರಿಯಿಂದ ನುಗ್ಗುತ್ತಿತ್ತು. ಸಂಜೆ ಕೈತೊಳೆಯುವ ಬೇಸಿನ್ನಿನ ತಣ್ಣೀರು ಒಮ್ಮೊಮ್ಮೆ ಬೆಚ್ಚಗೆ ಬರುತ್ತಿದ್ದುದೂ ಇದರಿಂದಲೇ, ಬಿಸಿಲಿಗೆ ಕಾದ ತೊಟ್ಟಿಯಿಂದಲ್ಲ. ಎರಡೂ ನಲ್ಲಿಗಳನ್ನು ಮುಚ್ಚಿಸಿದೆ. ಸಿಂಕಿನ ಧಾರೆ ನಿಂತಿತು.

ದಿನವೂ ನಲ್ಲಿ ತಿರುಗಿಸಿ ಎಂದು ಅಪ್ಪನಿಗೆ ಹೇಳಲು ಮನಸ್ಸು ಬರಲಿಲ್ಲ. ಪ್ಲಂಬರನ್ನು ಕರೆಸಿ ಮಿಕ್ಸರಿಗೆ ಬರುವ ಎರಡೂ ಕೊಳವೆಗಳಿಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆ. ಅವರು ಹೊರಡುವ ಮುನ್ನ, ಬಚ್ಚಲಿನ ನಲ್ಲಿಗಳನ್ನು ತೆರೆದೇ ಇಟ್ಟು, ಗೀಸರಿನ ವಾಲ್ವ್ ಮುಚ್ಚಿ ಮತ್ತೊಮ್ಮೆ ಪರೀಕ್ಷಿಸಿದೆವು. ಸಿಂಕಿನ ನಲ್ಲಿ ಅರ್ಧ ನಿಮಿಷ ಸುರಿದು, ತೊಟ್ಟಿಕ್ಕಿ, ನಿಂತಿತು.